ಸಣ್ಣ ಕಾರ್ಖಾನೆಗೆ ಸಿ.ಎನ್.ಸಿ. ಯಂತ್ರ ಬಂದ ಬಗೆ

ಬೆಂಗಳೂರಿನ ತುಮಕೂರು ರಸ್ತೆಯಿಂದ ಪೀಣ್ಯದ ಒಳಗೆ ಹೊರಳಿದರೆ, ತಗಡಿನ ಮಾಡಿನ ಕೆಳಗೆ ಎರಡು ಮೂರು ಯಂತ್ರಗಳನ್ನಿಟ್ಟುಕೊಂಡು ದುಡಿಯುವ ಸಣ್ಣ ಕಾರ್ಖಾನೆಗಳು ಓಣಿ ಓಣಿಯಲ್ಲೂ ಕಾಣಸಿಗುತ್ತವೆ. ಹಿಂದೆ ಅವುಗಳೊಳಗೆ ಲೇತಿನ ಮುಂದೆ ನಿಂತ ಕೆಲಸಗಾರ ಎರಡೂ ಕೈಗಳಿಂದ ಚಕ್ರ ತಿರುಗಿಸುತ್ತಿದ್ದ. ಇಂದು ಅನೇಕ ಕಡೆಗಳಲ್ಲಿ ಬೀರುವಿನಂತೆ ಬಾಗಿಲು ಮುಚ್ಚಿಕೊಂಡ ಒಂದು ಯಂತ್ರವಿರುತ್ತದೆ. ಗಾಜಿನ ಆಚೆ ಹಾಲಿನ ಬಣ್ಣದ ತಂಪುದ್ರವ ಸುರಿಯುತ್ತಿರುತ್ತದೆ, ಪಕ್ಕದ ಪರದೆಯ ಮೇಲೆ ಅಂಕಿಗಳು ಓಡುತ್ತಿರುತ್ತವೆ. ಇದೇ ಸಿ.ಎನ್.ಸಿ. ಯಂತ್ರ, ಅಂದರೆ ಗಣಕದ ಮೂಲಕ ಅಂಕಿಗಳ ಆಜ್ಞೆಯಂತೆ ನಡೆಯುವ ಯಂತ್ರ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇದನ್ನು ನಂಬಿ ಸಂಸಾರ ನಡೆಸುತ್ತಿದ್ದಾರೆ. ಇನ್ನು ಕೆಲವರು ಕೊಳ್ಳುವ ಯೋಚನೆಯಲ್ಲಿದ್ದಾರೆ. ನಾನು ಗಣಿತದ ಮೇಷ್ಟ್ರೇ ಹೊರತು ಯಂತ್ರ ಬಲ್ಲವನಲ್ಲ. ಆದರೂ ಇದರ ಚರಿತ್ರೆಯನ್ನು ಓದುತ್ತಾ ಹೋದಂತೆ, ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅದರೊಳಗೇ ಅಡಗಿವೆ ಎನಿಸಿತು. ಆದ್ದರಿಂದ ಈ ಬರಹ.

ಕಥೆ ಆರಂಭವಾಗುವುದು ಅಮೆರಿಕದ ಮಿಚಿಗನ್ ರಾಜ್ಯದ ಟ್ರಾವರ್ಸ್ ಸಿಟಿ ಎಂಬ ಊರಿನಲ್ಲಿ. ಅಲ್ಲಿ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರಿನ ರೆಕ್ಕೆಯ ಅಲಗುಗಳನ್ನು ತಯಾರಿಸುತ್ತಿದ್ದ. ಆತನಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಕಲಿತದ್ದೆಲ್ಲ ಕಾರ್ಖಾನೆಯ ನೆಲದ ಮೇಲೆ. ಅಲಗಿನ ಬಾಗು ಸರಿಯಾಗಿದೆಯೇ ಎಂದು ನೋಡಲು ಲೋಹದ ಅಚ್ಚುಪಟ್ಟಿಗಳು ಬೇಕಾಗುತ್ತಿದ್ದವು. ನಕ್ಷೆಯಲ್ಲಿ ಆ ಬಾಗಿನ ಮೇಲಿನ ಹದಿನೇಳು ಬಿಂದುಗಳನ್ನು ಮಾತ್ರ ಕೊಟ್ಟಿರುತ್ತಿದ್ದರು. ಉಳಿದ ಜಾಗವನ್ನು ಕೆಲಸಗಾರ ಬಾಗುಪಟ್ಟಿಯಿಟ್ಟು ಕೈಯಿಂದಲೇ ಎಳೆದು, ಅರದಿಂದ ಉಜ್ಜಿ ಹೊಂದಿಸಬೇಕಿತ್ತು.

1946ರಲ್ಲಿ ಪಾರ್ಸನ್ಸ್ ಫ್ರಾಂಕ್ ಸ್ಟುಲೆನ್ ಎಂಬ ಎಂಜಿನಿಯರನನ್ನು ಕೆಲಸಕ್ಕೆ ಕರೆತಂದ. ಸ್ಟುಲೆನ್ ಐ.ಬಿ.ಎಂ. ಕಂಪನಿಯ ರಂಧ್ರಪತ್ರದ ಲೆಕ್ಕಯಂತ್ರವನ್ನು ಬಳಸಿ ಅದೇ ಬಾಗಿನ ಮೇಲೆ ಇನ್ನೂರು ಬಿಂದುಗಳನ್ನು ಗುಣಿಸಿ ತೆಗೆದ. ಆಮೇಲೆ ನಡೆದದ್ದನ್ನು ಗಮನಿಸಿ. ಒಬ್ಬ ಕೆಲಸಗಾರ ಮಿಲ್ಲಿಂಗ್ ಯಂತ್ರದ ಒಂದು ಚಕ್ರದ ಬಳಿ ನಿಂತ, ಮತ್ತೊಬ್ಬ ಇನ್ನೊಂದು ಚಕ್ರದ ಬಳಿ ನಿಂತ. ಮೂರನೆಯವನು ಪಟ್ಟಿ ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾ ಹೋದ. ಹತ್ತನೆಯ ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಎಕ್ಸ್ ಅಕ್ಷ, ವೈ ಅಕ್ಷ ಎಳೆದು ಬಿಂದು ಗುರುತಿಸಲು ಕರೆದಾಗ ನಿಮ್ಮಲ್ಲಿ ಎಷ್ಟು ಮಂದಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಿರಿ ಎಂಬುದು ನನಗೆ ಚೆನ್ನಾಗಿ ನೆನಪಿದೆ! ಆ ಮೂವರು ಮಾಡಿದ್ದು ಅದನ್ನೇ, ಸೀಮೆಸುಣ್ಣದ ಬದಲು ಉಕ್ಕಿನ ಬಾಯಿಂದ. ಬಿಂದುಗಳು ಒತ್ತೊತ್ತಾಗಿದ್ದುದರಿಂದ ಕೊನೆಗೆ ಉಜ್ಜುವ ಕೆಲಸ ಅತ್ಯಲ್ಪವಾಯಿತು. ಓದುವವನ ಬದಲು ರಂಧ್ರಪತ್ರವೇ ಯಂತ್ರಕ್ಕೆ ಅಂಕಿ ಹೇಳಿದರೆ ಹೇಗೆ ಎಂಬುದೇ ಪಾರ್ಸನ್ಸ್‌ನ ಮುಂದಿನ ಯೋಚನೆಯಾಯಿತು.

ಇದಕ್ಕೆ ಹಣ ಬೇಕಿತ್ತು. 1949ರಲ್ಲಿ ಅಮೆರಿಕದ ವಾಯುಪಡೆ ಸುಮಾರು 2 ಲಕ್ಷ ಡಾಲರಿನ ಗುತ್ತಿಗೆ ಕೊಟ್ಟಿತು. ಪಾರ್ಸನ್ಸ್ ಯಂತ್ರದ ಚಾಲನಾ ವ್ಯವಸ್ಥೆಗಾಗಿ ಎಂ.ಐ.ಟಿ.ಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯದ ನೆರವು ಕೇಳಿದ. ಅಲ್ಲಿಂದ ಯೋಜನೆಯ ಗಾತ್ರವೇ ಬದಲಾಯಿತು. ಬಿಂದುವಿನಿಂದ ಬಿಂದುವಿಗೆ ಹೋಗಿ ಕತ್ತರಿಸುವ ಸರಳ ಯಂತ್ರ ಪಾರ್ಸನ್ಸ್‌ಗೆ ಸಾಕಾಗಿತ್ತು. ಪ್ರಯೋಗಾಲಯದವರಿಗೆ ಎಲ್ಲಾ ಅಕ್ಷಗಳೂ ಏಕಕಾಲದಲ್ಲಿ ಅವಿಚ್ಛಿನ್ನವಾಗಿ ಚಲಿಸುವ ವ್ಯವಸ್ಥೆ ಬೇಕಿತ್ತು. ಕೆಲವೇ ವರ್ಷಗಳಲ್ಲಿ ವಾಯುಪಡೆ ಎಂ.ಐ.ಟಿ.ಯೊಡನೆ ನೇರವಾಗಿ ವ್ಯವಹರಿಸತೊಡಗಿತು. ಪಾರ್ಸನ್ಸ್ ಬದಿಗೆ ಸರಿಯಬೇಕಾಯಿತು. 1952ರ ಸೆಪ್ಟೆಂಬರಿನಲ್ಲಿ ಸಿನ್ಸಿನಾಟಿ ಕಂಪನಿಯ ಹೈಡ್ರೋಟೆಲ್ ಮಿಲ್ಲಿಂಗ್ ಯಂತ್ರವನ್ನು ಮಾರ್ಪಡಿಸಿ ಪ್ರದರ್ಶನ ನಡೆಸಿದರು. ಅದರ ನಿಯಂತ್ರಕದಲ್ಲಿ 292 ನಿರ್ವಾತ ಕೊಳವೆಗಳಿದ್ದವು. ಯಂತ್ರವೇನೋ ಅದ್ಭುತವೇ, ಆದರೆ ಸಾಧಾರಣ ಕಾರ್ಖಾನೆಯವನ ಪಾಲಿಗೆ ಅದು ಮನೆಯ ಮುಂದೆ ಕಟ್ಟಿದ ಆನೆ. ಕೊಳ್ಳುವವರು ಸಿಗದಿದ್ದಾಗ ವಾಯುಪಡೆಯೇ ತನ್ನ ಖರ್ಚಿನಲ್ಲಿ ನೂರಕ್ಕೂ ಹೆಚ್ಚು ಯಂತ್ರಗಳನ್ನು ಕೊಂಡು ವಿಮಾನ ತಯಾರಕರ ಕಾರ್ಖಾನೆಗಳಲ್ಲಿ ಸ್ಥಾಪಿಸಿತು. ಅಸಲಿನ ಚಿಂತೆಯಿಲ್ಲದ ಗಿರಾಕಿಯೊಬ್ಬನಿಗಾಗಿ ಈ ಯಂತ್ರ ಬೆಳೆಯಿತು ಎಂಬುದನ್ನು ಸಣ್ಣ ಉದ್ಯಮಿಯಾದವನು ಮರೆಯಬಾರದು. ಪೇಟೆಗೆ ಬಂದ ಎಷ್ಟೋ ಸೌಲಭ್ಯಗಳ ಹಿಂದೆ ಆ ಸಿರಿವಂತ ಗಿರಾಕಿಯ ನೆರಳಿದೆ.

ಇಲ್ಲಿ ಒಂದು ಉಪಕಥೆ. ಅದೇ ಕಾಲದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಬೇರೊಂದು ದಾರಿ ಹಿಡಿದಿದ್ದರು. ನುರಿತ ಕೆಲಸಗಾರ ಮೊದಲ ವಸ್ತುವನ್ನು ಕೈಯಿಂದ ಮಾಡುವಾಗ ಅವನ ಚಲನೆಗಳನ್ನು ಕಾಂತಪಟ್ಟಿಯ ಮೇಲೆ ಮುದ್ರಿಸಿಕೊಂಡು, ಮುಂದಿನವನ್ನು ಯಂತ್ರವೇ ಅದರಂತೆ ಮಾಡುವ ವಿಧಾನವದು. ಆ ದಾರಿ ಮುಂದುವರಿಯಲಿಲ್ಲ. ಡೇವಿಡ್ ನೋಬಲ್ ಎಂಬ ಇತಿಹಾಸಕಾರರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೆಲಸದ ಮೇಲಿನ ಹಿಡಿತವನ್ನು ಕೆಲಸಗಾರನ ಕೈಯಿಂದ ಆಡಳಿತದ ಮೇಜಿಗೆ ವರ್ಗಾಯಿಸುವ ಬಯಕೆಯೂ ಇದಕ್ಕೆ ಕಾರಣವೆಂದು ವಾದಿಸಿದ್ದಾರೆ. ವಾದ ಪೂರ್ತಿ ಒಪ್ಪಿಗೆಯಾಗಲಿ ಬಿಡಲಿ, ಪೀಣ್ಯದ ಓಣಿಗಳಲ್ಲಿ ಚರಿತ್ರೆ ತಿರುಗಿ ಬಂದಿದೆ. ಅಲ್ಲಿ ಎಷ್ಟೋ ಕಡೆ ಲೇತ್ ಓಡಿಸಿ ಪಳಗಿದವನೇ ಆದೇಶಗಳನ್ನೂ ಬರೆಯುತ್ತಾನೆ, ಅವನೇ ಮಾಲೀಕನೂ ಆಗಿರುತ್ತಾನೆ.

ಸಣ್ಣವರ ಕೈಗೆ ಯಂತ್ರ ದಕ್ಕಿಸಿದ ಶ್ರೇಯಸ್ಸಿನ ದೊಡ್ಡ ಪಾಲು ಜಪಾನಿಗೆ ಸಲ್ಲಬೇಕು. ಫುಜಿತ್ಸು ಕಂಪನಿಯಲ್ಲಿ ಸೆಯುಯೆಮೊನ್ ಇನಾಬಾ ಎಂಬ ಎಂಜಿನಿಯರರ ತಂಡ 1956ರಲ್ಲಿ ಸಂಖ್ಯಾ ನಿಯಂತ್ರಕವನ್ನು ರೂಪಿಸಿತು. 1972ರಲ್ಲಿ ಆ ವಿಭಾಗವೇ ಬೇರೆಯಾಗಿ ಫ್ಯಾನುಕ್ ಕಂಪನಿಯಾಯಿತು. ಯಂತ್ರದ ಮೈಯನ್ನು ಯಾರು ಬೇಕಾದರೂ ಮಾಡಿಕೊಳ್ಳಲಿ, ಮಿದುಳನ್ನು ತಾವು ಒದಗಿಸುತ್ತೇವೆ ಎಂಬುದು ಅವರ ವ್ಯಾಪಾರದ ರೀತಿ. ಅಷ್ಟರಲ್ಲಿ ಮೈಕ್ರೋಪ್ರೊಸೆಸರ್ ಬಂದು, ಕೋಣೆ ತುಂಬುತ್ತಿದ್ದ ನಿಯಂತ್ರಕ ಪೆಟ್ಟಿಗೆಯೊಳಗೆ ಅಡಗಿತು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಪಾನಿನ ಸಣ್ಣ ಕಾರ್ಖಾನೆಗಳು ಇಂಥ ಯಂತ್ರಗಳನ್ನು ಕೊಂಡವು. 1982ರ ವೇಳೆಗೆ ಜಪಾನ್ ಯಂತ್ರೋಪಕರಣ ತಯಾರಿಕೆಯಲ್ಲಿ ಜಗತ್ತಿಗೇ ಮೊದಲನೆಯದಾಯಿತು. ಅಮೆರಿಕದಲ್ಲೂ ಜೀನ್ ಹಾಸ್ ಎಂಬಾತ 1988ರ ಷಿಕಾಗೋ ಪ್ರದರ್ಶನದಲ್ಲಿ 50,000 ಡಾಲರಿಗಿಂತ ಕಡಿಮೆ ಬೆಲೆಯ ಯಂತ್ರವನ್ನು ಮುಂದಿಟ್ಟ. ಆತನೂ ಮೊದಲು ಸಣ್ಣ ಕಾರ್ಖಾನೆ ನಡೆಸಿದವನೇ.

ಇನ್ನು ನಮ್ಮ ಊರು. ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದೊಡನೆ ಎಚ್.ಎಂ.ಟಿ. ಆರಂಭವಾಯಿತು. 1962ರಲ್ಲಿ ತುಮಕೂರು ರಸ್ತೆಯಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಹುಟ್ಟಿತು. ಅದೇ ಇಂದಿನ ಸಿ.ಎಂ.ಟಿ.ಐ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಜಿ.ಟಿ.ಟಿ.ಸಿ. ತರಬೇತಿ ಕೇಂದ್ರ ಬಂದಿತು. ಪೀಣ್ಯದ ಕೈಗಾರಿಕಾ ಪ್ರದೇಶವೂ ಆ ದಶಕದ್ದೇ. 1979ರಲ್ಲಿ ಅಲ್ಲಿ ಏಸ್ ಡಿಸೈನರ್ಸ್ ಆರಂಭವಾಯಿತು. ಅವರ ಒಂದು ಸಿ.ಎನ್.ಸಿ. ಲೇತಿನ ಹೆಸರು ಜಾಬರ್. ಬೇರೆಯವರ ಕೆಲಸವನ್ನು ಕೂಲಿಗೆ ಮಾಡಿಕೊಡುವವನು ಎಂದು ಅದರ ಅರ್ಥ. ಯಂತ್ರ ಯಾರಿಗಾಗಿ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಹೆಸರು ನನಗೆ ಬೇರೆ ಗೊತ್ತಿಲ್ಲ. ನನ್ನ ಶಾಲೆಯ ಮಕ್ಕಳಲ್ಲಿ ಹಲವರ ತಂದೆಯರು ಜಾಲಹಳ್ಳಿಯ ಕಾರ್ಖಾನೆಗಳ ನೌಕರರು. ತಂದೆ ನಿವೃತ್ತಿಯ ಹಣವನ್ನು ಮುಂದಿಟ್ಟಾಗ ಮಗ ಪೀಣ್ಯದಲ್ಲಿ ಬಾಡಿಗೆಯ ಶೆಡ್ ಹಿಡಿದ ಉದಾಹರಣೆಗಳು ನನ್ನ ಕಣ್ಣ ಮುಂದಿವೆ.

ಅಂಥ ಇಬ್ಬರ ವಿಷಯ ಹೇಳುತ್ತೇನೆ, ಹೆಸರು ಬೇಡ. ಇಬ್ಬರೂ ಒಂದೇ ತಂಡದವರು. ಒಬ್ಬ ಮನೆಯ ಪತ್ರಗಳನ್ನು ಅಡವಿಟ್ಟು, ಎಲ್ಲ ಸೌಲಭ್ಯಗಳೂ ಇರುವ ಹೊಸ ಯಂತ್ರ ತಂದ. ಮುಂದೆ ಬೇಕಾದೀತು ಎಂದು ನಾಲ್ಕನೆಯ ಅಕ್ಷವನ್ನೂ ಹಾಕಿಸಿದ. ಅವನಿಗಿದ್ದದ್ದು ಒಬ್ಬನೇ ಗಿರಾಕಿ. ಆ ಗಿರಾಕಿಗೆ ಬೇಕಿದ್ದದ್ದು ಸಾಧಾರಣ ಕೆಲಸ. ಆ ಕಂಪನಿ ತನ್ನ ಖರೀದಿಯನ್ನು ಬೇರೆಡೆಗೆ ಬದಲಿಸಿದಾಗ ಯಂತ್ರ ನಿಂತಿತು, ಕಂತು ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಯಂತ್ರ ಹೋಯಿತು, ಮನೆ ಹೇಗೋ ಉಳಿಯಿತು. ಇನ್ನೊಬ್ಬ ಮೊದಲು ಹಳೆಯ ಯಂತ್ರವೊಂದನ್ನು ಕೊಂಡ. ಕೊಳ್ಳುವ ಮುನ್ನ ಮೂರು ದಿನ ಹೋಗಿ, ತನ್ನದೇ ನಕ್ಷೆಯ ವಸ್ತುವನ್ನು ಅದರಲ್ಲಿ ಮಾಡಿಸಿ, ಬೆಳಿಗ್ಗೆ ಮಾಡಿದ್ದಕ್ಕೂ ಯಂತ್ರ ಕಾದ ಮೇಲೆ ಮಾಡಿದ್ದಕ್ಕೂ ಅಳತೆಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆಂದು ಮೈಕ್ರೋಮೀಟರ್ ಹಿಡಿದು ನೋಡಿದ. ದುರಸ್ತಿಗೆ ಕರೆದರೆ ಅದೇ ದಿನ ಬರುವವರು ಯಾರಿದ್ದಾರೆ ಎಂದು ವಿಚಾರಿಸಿದ. ಅವನ ಶೆಡ್ಡಿನ ವಿದ್ಯುತ್ ಸಂಪರ್ಕ ಆ ಯಂತ್ರವನ್ನು ಹೊರಬಲ್ಲದೇ ಎಂಬುದನ್ನೂ ನೋಡಿಕೊಂಡ.

ಇವರಿಬ್ಬರ ನಡುವಿನ ಅಂತರವನ್ನು ಬುದ್ಧಿವಂತಿಕೆಯೆಂದು ನಾನು ಕರೆಯಲಾರೆ. ಮೊದಲನೆಯವನು ಗಣಿತದಲ್ಲಿ ಎರಡನೆಯವನಿಗಿಂತ ಚುರುಕು. ಅಂತರವಿದ್ದದ್ದು ಗಂಟೆಯ ಲೆಕ್ಕದಲ್ಲಿ. ಬನ್ನಿ, ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 20 ಲಕ್ಷ ರೂಪಾಯಿ ಸಾಲ, ಶೇಕಡಾ 11ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 43,500 ರೂಪಾಯಿ. ಬಾಡಿಗೆ 12,000, ಕೆಲಸಗಾರನಿಗೆ 20,000, ವಿದ್ಯುತ್ತು, ಉಳಿ, ಎಣ್ಣೆ ಸೇರಿ 22,000 ಎಂದು ಹಿಡಿದರೆ ಒಟ್ಟು 97,500. ಒಂದು ಪಾಳಿಯಲ್ಲಿ ತಿಂಗಳಿಗೆ ಇನ್ನೂರು ಗಂಟೆ ಸಿಕ್ಕರೂ, ವಸ್ತು ಕಟ್ಟುವುದು, ಉಳಿ ಬದಲಿಸುವುದು, ಮೊದಲ ತುಂಡನ್ನು ಅಳೆದು ಸರಿಪಡಿಸುವುದು ಇತ್ಯಾದಿಗಳಲ್ಲಿ ಎಂಬತ್ತು ಗಂಟೆ ಕಳೆದು ಲೋಹ ಕತ್ತರಿಸಿದ್ದು 120 ಗಂಟೆಯೇ ಆದರೆ, ಗಂಟೆಗೆ ಬಿದ್ದ ವೆಚ್ಚ 812 ರೂಪಾಯಿ. ಗಿರಾಕಿ 650 ಕೊಟ್ಟರೆ ತಿಂಗಳಿಗೆ 19,500 ನಷ್ಟ. ಎರಡು ಪಾಳಿ ನಡೆಸಿ 240 ಗಂಟೆ ಕತ್ತರಿಸಿದರೆ ಇನ್ನೊಬ್ಬನ ಸಂಬಳ, ಇಮ್ಮಡಿ ವಿದ್ಯುತ್ತು ಮತ್ತು ಉಳಿಯ ಖರ್ಚು ಕಳೆದೂ 16,500 ಉಳಿಯುತ್ತದೆ. ಯಂತ್ರವೂ ಅದೇ, ದರವೂ ಅದೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಕೂತ ಯಂತ್ರಕ್ಕೂ ಸಲ್ಲುತ್ತದೆ. ಮಾರಾಟದವನ ಹೊಳಪಿನ ಪುಸ್ತಿಕೆಯಲ್ಲಿ ಯಂತ್ರದ ವೇಗ ಎಷ್ಟೆಂದು ದಪ್ಪಕ್ಷರದಲ್ಲಿರುತ್ತದೆ. ಆ ಎಂಬತ್ತು ಗಂಟೆಯ ಸುದ್ದಿ ಎಲ್ಲಿಯೂ ಇರುವುದಿಲ್ಲ.

ಎರಡನೆಯವನು ಹಣ ಕಂಡದ್ದು ಆ ಎಂಬತ್ತು ಗಂಟೆಯಲ್ಲಿಯೇ. ಪದೇ ಪದೇ ಬರುವ ಕೆಲಸಗಳಿಗೆ ಹಿಡಿಕೆಗಳನ್ನು ಮೊದಲೇ ಮಾಡಿ ಗೋಡೆಗೆ ತೂಗುಹಾಕಿದ. ಪ್ರತಿ ಕೆಲಸದ ಆದೇಶಪಟ್ಟಿ, ಉಳಿಯ ಸಂಖ್ಯೆ, ಅಳತೆಯಲ್ಲಿ ಮಾಡಿದ ತಿದ್ದುಪಡಿ, ಇವೆಲ್ಲವನ್ನೂ ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆದಿಟ್ಟ. ಅವನ ಅಕ್ಷರ ಶಾಲೆಯಲ್ಲಿದ್ದಷ್ಟೇ ಕೆಟ್ಟದಾಗಿದೆ, ಆದರೆ ಸಾಲು ತಪ್ಪಿಲ್ಲ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಹೊಂದಿಕೆ ಮುಕ್ಕಾಲು ಗಂಟೆಗೆ ಇಳಿಯಿತಂತೆ. ಗಿರಾಕಿಗಳನ್ನು ಮೂರಕ್ಕೆ ಹೆಚ್ಚಿಸಿಕೊಂಡ; ಯಾರ ಕೆಲಸವೂ ಅರ್ಧಕ್ಕಿಂತ ಹೆಚ್ಚಾಗದಂತೆ ನೋಡಿಕೊಂಡ. ಹಳೆಯ ಯಂತ್ರದ ಸಾಲ ತೀರಿದ ಮೇಲೆಯೇ ಹೊಸದನ್ನು ತಂದ. ಜಾಮೀನಿಲ್ಲದೆ ಸಣ್ಣ ಉದ್ಯಮಗಳಿಗೆ ಸಾಲ ದೊರಕಿಸಲು 2000ದಲ್ಲಿ ಆರಂಭವಾದ ಕೇಂದ್ರದ ಖಾತರಿ ನಿಧಿಯ ಯೋಜನೆ ಆಗ ಅವನ ನೆರವಿಗೆ ಬಂದಿತು. ಮನೆಯ ಪತ್ರಗಳು ತಾಯಿಯ ಟ್ರಂಕಿನಿಂದ ಹೊರಬರಲಿಲ್ಲ.

ಮೊದಲನೆಯವನು ಈಗ ಬೇರೊಬ್ಬರ ಕಾರ್ಖಾನೆಯಲ್ಲಿ ಆದೇಶ ಬರೆಯುವ ಕೆಲಸದಲ್ಲಿದ್ದಾನೆ, ಒಳ್ಳೆಯ ಹೆಸರನ್ನೂ ಗಳಿಸಿದ್ದಾನೆ. ಮತ್ತೆ ಸ್ವಂತ ಯಂತ್ರ ಕೊಳ್ಳುವ ಆಸೆ ಅವನನ್ನು ಬಿಟ್ಟಿಲ್ಲ. ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಯಂತ್ರಗಳ ಜಾತ್ರೆ ನಡೆದಾಗಲೆಲ್ಲ ಹೋಗಿ ಬರುತ್ತಾನೆ. ಈ ಸಲ ಪುಸ್ತಿಕೆಗಳನ್ನು ತರಲಿಲ್ಲವಂತೆ. ಅದರ ಬದಲು ಪರಿಚಯದ ನಾಲ್ಕು ಕಂಪನಿಗಳಿಂದ ನಕ್ಷೆಗಳನ್ನು ಪಡೆದು, ಪ್ರತಿಯೊಂದಕ್ಕೂ ತಿಂಗಳಿಗೆ ಎಷ್ಟು ಗಂಟೆಯ ಕೆಲಸವಾದೀತೆಂದು ಕೂಡಿಸುತ್ತಿದ್ದಾನೆ. ಹೋದ ವಾರ ಫೋನು ಮಾಡಿದಾಗ ಲೆಕ್ಕ ತೊಂಬತ್ತು ಗಂಟೆಗೆ ಬಂದು ನಿಂತಿತ್ತು.