ಹಿತ್ತಾಳೆ ತಗಡನ್ನು ಕಾಯಿಸಿ ಮೆದು ಮಾಡುವುದು

ಬಡಿದು, ಬಾಗಿಸಿ, ಉಬ್ಬಿಸಿ ಗಡುಸಾದ ಹಿತ್ತಾಳೆ ತಗಡನ್ನು ಬೆಂಕಿಯಲ್ಲಿ ಕಾಯಿಸಿ ಮತ್ತೆ ಬಗ್ಗುವಂತೆ ಮಾಡುವ ಕ್ರಮವಿದು. ವರ್ಕ್‌ಶಾಪಿನ ಮಾತಿನಲ್ಲಿ ಇದು ಅನೀಲಿಂಗ್. ಬೆಳಗಾವಿ ಫೌಂಡ್ರಿಗಳ ಊರು. ಅಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕೆಲಸ ನೋಡಿ ಬೆಳೆದ ಹವ್ಯಾಸಿಗೆ ಲೋಹವೆಂದರೆ ಮೊದಲು ಕಬ್ಬಿಣ ಮತ್ತು ಉಕ್ಕು. ಅವುಗಳ ನಿಯಮವನ್ನೇ ಹಿತ್ತಾಳೆಗೂ ಹಚ್ಚಿದರೆ ತಗಡು ಕೆಡುತ್ತದೆ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ; ಹಿತ್ತಾಳೆ ತಗಡು ನೀರಿನಲ್ಲಿ ಆರಿದರೂ ಗಾಳಿಯಲ್ಲಿ ಆರಿದರೂ ಮೆದುವಾಗಿಯೇ ಉಳಿಯುತ್ತದೆ.

ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ತಗಡಿಗೆ ಹೆಚ್ಚಾಗಿ 63:37 ಅಥವಾ 70:30 ಪ್ರಮಾಣದ ಹಿತ್ತಾಳೆ ಬಳಕೆಯಲ್ಲಿದೆ. ತಣ್ಣಗಿರುವಾಗ ಬಡಿದಷ್ಟೂ ಒಳಗಿನ ಹರಳುಗಳು ಸೊಟ್ಟಗಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ತಗಡು ಜರುಗಲು ಒಲ್ಲೆನ್ನುತ್ತದೆ. ಇದನ್ನು ಕೈಗಿಂತ ಮೊದಲು ಕಿವಿ ಹಿಡಿಯುತ್ತದೆ: ಕೊಡತಿಯ ಏಟಿಗೆ ಮಂದವಾಗಿದ್ದ ಸದ್ದು ಟಣಟಣ ಎನ್ನತೊಡಗುತ್ತದೆ, ಕೊಡತಿ ಪುಟಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಬಡಿದರೆ ಅಂಚಿನಿಂದ ಸೀಳು ಬೀಳುತ್ತದೆ. ಕಾಯಿಸಿದಾಗ ಸೊಟ್ಟಗಾದ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಮೂಡುತ್ತವೆ. ಕಾರ್ಖಾನೆಗಳಲ್ಲಿ ಇದಕ್ಕೆ ಸುಮಾರು 425ರಿಂದ 750 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖ ಬಳಸುತ್ತಾರೆ. ಹವ್ಯಾಸಿಗೆ 600ರ ಆಸುಪಾಸು ಸಾಕು.

ಮನೆಯ ಕೆಲಸದಲ್ಲಿ ಆ ಶಾಖವನ್ನು ಅಳೆಯುವುದು ಕಣ್ಣೇ. ತಗಡಿನ ಮೇಲೆ ಮಾಸಲು ಕೆಂಪು ಕಾಣಿಸಿಕೊಂಡ ಕೂಡಲೇ ಉರಿ ತೆಗೆಯಬೇಕು. ಈ ಕೆಂಪು ಮಬ್ಬು ಬೆಳಕಿನಲ್ಲಿ ಮಾತ್ರ ಗೋಚರಿಸುತ್ತದೆ. ಅಂಗಳದ ಬಿಸಿಲಿನಲ್ಲಿ ಕಾಯಿಸಿದರೆ ಕಣ್ಣಿಗೆ ಬೀಳುವ ಹೊತ್ತಿಗೆ ಹದ ಮೀರಿರುತ್ತದೆ. ಆದ್ದರಿಂದ ಗಾಳಿಯಾಡುವ ನೆರಳೇ ಸರಿಯಾದ ಜಾಗ. ಗ್ಯಾಸ್ ಟಾರ್ಚಿನ ಉರಿಯನ್ನು ಒಂದೇ ಕಡೆ ಹಿಡಿಯದೆ ತಗಡಿನ ಉದ್ದಕ್ಕೂ ಆಡಿಸುತ್ತಿರಬೇಕು. 22 ಗೇಜಿನ ತಗಡು ಮುಕ್ಕಾಲು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅಂಚುಗಳು ನಡುಭಾಗಕ್ಕಿಂತ ಬೇಗ ಕಾಯುತ್ತವೆ.

ಹದ ಮೀರಿದರೆ ಹರಳುಗಳು ದೊಡ್ಡದಾಗುತ್ತವೆ. ಬಡಿದ ಮೇಲೆ ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಎಷ್ಟು ಪಾಲಿಶ್ ಮಾಡಿದರೂ ಆ ತರಿ ಸುಲಭಕ್ಕೆ ಹೋಗದು. ಸತು ಕುದಿಯುವುದು 907 ಡಿಗ್ರಿಯಲ್ಲಿ. ತಗಡಿನಿಂದ ಬಿಳಿ ಹೊಗೆ ಎದ್ದರೆ ಸತುವೇ ಉರಿದುಹೋಗುತ್ತಿದೆ ಎಂದರ್ಥ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡಲೇಬಾರದು.

ಮಷಿನ್ ಶಾಪಿನಲ್ಲಿ ಉಳಿದ ಹಿತ್ತಾಳೆ ಸರಳಿನ ತುಂಡುಗಳು ಈ ಕೆಲಸಕ್ಕೆ ಒಗ್ಗುವುದಿಲ್ಲ. ಲೇಥಿನಲ್ಲಿ ಸಲೀಸಾಗಿ ಕತ್ತರಿಸಲೆಂದು ಅಂಥ ಸರಳಿಗೆ ಸೀಸ ಬೆರೆಸಿರುತ್ತಾರೆ. ಅಂಥ ಸರಳನ್ನು ಕಾದಾಗ ಅಲುಗಾಡಿಸಿದರೆ ಅಥವಾ ಥಟ್ಟನೆ ನೀರಿಗೆ ಹಾಕಿದರೆ ಬಿರಿಯುತ್ತದೆ. ತಗಡನ್ನು ತಗಡೆಂದೇ ಕೊಳ್ಳುವುದು ಲೇಸು.

ಕಾಯಿಸುವಾಗ ಕೆಳಗೆ ಬೆಂಕಿ ತಡೆಯುವ ಇಟ್ಟಿಗೆ ಇರಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಹಾಗಾಗಿ ಮಣ್ಣಿನ ಇಟ್ಟಿಗೆಯನ್ನೇ ಇಡುವ ಮನಸ್ಸಾಗಬಹುದು. ಆದರೆ ಮಣ್ಣಿನ ಸಾಮಾನ್ಯ ಇಟ್ಟಿಗೆ ಮಳೆಗಾಲದಲ್ಲಿ ನೀರು ಹೀರಿಕೊಂಡಿದ್ದರೆ ಟಾರ್ಚಿನ ಉರಿಗೆ ಸಿಡಿಯಬಹುದು.

ಕಾದ ತಗಡಿಗೆ ಹಿಡಿಯುವ ಕರಿಯನ್ನು ಹುಣಸೆ ಹುಳಿಯೇ ನಿಧಾನವಾಗಿ ಬಿಡಿಸುತ್ತದೆ. ಸಲ್ಫ್ಯೂರಿಕ್ ಆಮ್ಲ ಬಳಸುವವರು ಹತ್ತು ಪಾಲು ನೀರಿಗೆ ಒಂದು ಪಾಲು ಆಮ್ಲವನ್ನು ಮೆಲ್ಲಗೆ ಸುರಿಯಬೇಕು. ಆಮ್ಲಕ್ಕೆ ನೀರು ಸುರಿಯಬಾರದು. ತಗಡು ಅದ್ದಿದ ಈ ದ್ರಾವಣದೊಳಗೆ ಕಬ್ಬಿಣದ ಇಕ್ಕಳ ಅದ್ದಿದರೆ ತಗಡಿನ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ.

ಬಡಿತದ ಬಿಗಿತವನ್ನು ಒಳಗೇ ಉಳಿಸಿಕೊಂಡ ಹಿತ್ತಾಳೆಗೆ ಮಳೆಗಾಲವೂ ಅಪಾಯದ್ದು. ಬ್ರಿಟಿಷರ ಕಾಲದ ಭಾರತದಲ್ಲಿ ಕುದುರೆ ಲಾಯಗಳ ಬಳಿ ದಾಸ್ತಾನಿಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕುಬಿಡುತ್ತಿದ್ದವು. ಒಳಗಿನ ಬಿಗಿತದ ಜೊತೆಗೆ ಕುದುರೆ ಮೂತ್ರದಿಂದ ಏಳುವ ಅಮೋನಿಯ ಸೇರಿದ್ದೇ ಇದಕ್ಕೆ ಕಾರಣವೆಂದು ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ 1921ರಲ್ಲಿ ವಿವರಿಸಿದರು. ಭಾರಿ ಮಳೆಯ ಖಾನಾಪುರದಲ್ಲಿ ದನದ ಕೊಟ್ಟಿಗೆಯ ಪಕ್ಕ ಹಿತ್ತಾಳೆ ಸಾಮಾನು ಇಡುವವರು ಇದನ್ನು ಗಮನಿಸಬೇಕು. ಕೆಲಸ ಮುಗಿದ ವಸ್ತುವನ್ನು 250ರಿಂದ 300 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಬಿಗಿತ ಬಹುಪಾಲು ಇಳಿಯುತ್ತದೆ, ಗಡಸುತನ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ.