ಶಸ್ತ್ರಚಿಕಿತ್ಸೆಯ ಕಲೆಗೆ ಲೇಸರ್ ಮದ್ದಾದ ಬಗೆ

ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರ ಎದೆಯ ನಡುವೆ ಉದ್ದನೆಯ ಕಲೆಯನ್ನು ನೀವು ನೋಡಿರಬಹುದು. ಕೆಲವೊಮ್ಮೆ ಅದು ಕೆಂಪಗೆ ಉಬ್ಬಿ, ತುರಿಸುತ್ತ ವರ್ಷಗಟ್ಟಲೆ ಕಾಡುತ್ತದೆ. ಇಂಥ ಕಲೆಯನ್ನು ತಗ್ಗಿಸಲು ಇಂದು ಲೇಸರ್ ಬಳಸುತ್ತಾರೆ. ಆದರೆ ಒಂದು ಕಾಲಕ್ಕೆ ಲೇಸರ್ ಚಿಕಿತ್ಸೆಯೇ ಚರ್ಮದ ಮೇಲೆ ಕಲೆ ಉಳಿಸುತ್ತಿತ್ತು ಎಂದರೆ ನಂಬುವಿರಾ?

1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪ್ರಯೋಗಿಸಿದರು. 1970ರ ದಶಕದಲ್ಲಿ, ಹುಟ್ಟಿನಿಂದ ಬಂದ ಕೆಂಪು ಮಚ್ಚೆಗಳಿಗೆ ಆರ್ಗಾನ್ ಲೇಸರ್ ಬಳಕೆಗೆ ಬಂತು. ಅದರ ನೀಲಿ-ಹಸಿರು ಬೆಳಕನ್ನು ರಕ್ತದ ಹಿಮೊಗ್ಲೋಬಿನ್ ಚೆನ್ನಾಗಿ ಹೀರುತ್ತದೆ. ಮಚ್ಚೆಯೇನೋ ಮಾಸಿತು, ಆದರೆ ಸುತ್ತಲ ಚರ್ಮವೂ ಬೆಂದು ಹಲವರಿಗೆ ಹೊಸ ಕಲೆ ಉಳಿಯಿತು.

ಲೆಕ್ಕ ತಪ್ಪಿದ್ದು ಮುಖ್ಯವಾಗಿ ಕಾಲದಲ್ಲಿ. ಬಾಸ್ಟನ್ನಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ 1983ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಕಾದ ರಕ್ತನಾಳ ತನ್ನ ಶಾಖವನ್ನು ಸುತ್ತಲಿಗೆ ಬಿಟ್ಟುಕೊಡಲು ಸ್ವಲ್ಪ ಕಾಲ ಹಿಡಿಯುತ್ತದೆ. 50 ಮೈಕ್ರೊಮೀಟರ್ ವ್ಯಾಸದ ನಾಳಕ್ಕೆ ಅದು ಸುಮಾರು 1 ಮಿಲಿಸೆಕೆಂಡ್. ವ್ಯಾಸ ಇಮ್ಮಡಿಯಾದರೆ ಕಾಲ ನಾಲ್ಮಡಿ. (ಏಕೆಂದು ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಶಾಖ ವಿಸರಣೆಗೆ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗುವುದು ಕಷ್ಟ.) ಬೆಳಕಿನ ಸ್ಪಂದ ಈ ಅವಧಿಗಿಂತ ಚಿಕ್ಕದಾಗಿದ್ದರೆ ಶಾಖ ಹರಡುವಷ್ಟರಲ್ಲಿ ಬೆಳಕು ನಿಂತಿರುತ್ತದೆ, ನಾಳ ಬೇಯುತ್ತದೆ, ನೆರೆಯ ಚರ್ಮ ಬಹುಪಾಲು ಉಳಿಯುತ್ತದೆ. ಈ ತತ್ತ್ವದ ಮೇಲೆ ರೂಪುಗೊಂಡ ಡೈ ಲೇಸರಿನಲ್ಲಿ 585 ನ್ಯಾನೊಮೀಟರ್ ತರಂಗದೂರದ ಹಳದಿ ಬೆಳಕು, 0.45 ಮಿಲಿಸೆಕೆಂಡಿನ ಸ್ಪಂದಗಳಾಗಿ ಹೊಮ್ಮುತ್ತದೆ.

ಇದನ್ನು ಮಾಡಿದ್ದು ಮಚ್ಚೆಗಳಿಗಾಗಿ. ಆದರೆ ಉಬ್ಬಿದ ಕೆಂಪು ಕಲೆಯಲ್ಲೂ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿರುತ್ತವಲ್ಲ! 1995ರಲ್ಲಿ ಟೀನಾ ಆಲ್ಸ್ಟರ್ ಮತ್ತು ಅವರ ಸಹೋದ್ಯೋಗಿ 16 ಮಂದಿಯ ಎದೆಯ ಕಲೆಗಳ ಮೇಲೆ ನಡೆಸಿದ ಪ್ರಯೋಗವನ್ನು 'ಲ್ಯಾನ್ಸೆಟ್' ಪ್ರಕಟಿಸಿತು. ಪ್ರತಿ ಕಲೆಯ ಅರ್ಧಕ್ಕೆ ಲೇಸರ್, ಉಳಿದರ್ಧ ಇದ್ದಂತೆಯೇ. ಒಂದೇ ಮೈಯಲ್ಲಿ ಪ್ರಯೋಗವೂ ಹೋಲಿಕೆಯೂ ಸಿಕ್ಕಿತು. ಚಿಕಿತ್ಸೆ ಪಡೆದ ಅರ್ಧದಲ್ಲಿ ಕೆಂಪು, ಉಬ್ಬು, ತುರಿಕೆ ಮೂರೂ ತಗ್ಗಿದ್ದವು. 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹೊಲಿಗೆ ಬಿಚ್ಚಿದ ದಿನವೇ ಲೇಸರ್ ಚಿಕಿತ್ಸೆ ಆರಂಭಿಸಿದ್ದರು. ಮರುವರ್ಷ ಆಂಡರ್ಸನ್ ಅವರ ತಂಡ, ಚರ್ಮದಲ್ಲಿ ಅಲ್ಲಲ್ಲಿ ಸೂಕ್ಷ್ಮ ಕಂಬಗಳಷ್ಟನ್ನೇ ಕಾಯಿಸಿ ನಡುವಿನ ಭಾಗವನ್ನು ಹಾಗೆಯೇ ಬಿಡುವ ವಿಧಾನವನ್ನು ಮುಂದಿಟ್ಟಿತು. ಹೀಗೆ ಮಾಡಿದರೆ ಗಾಯ ಬೇಗ ಮಾಯುತ್ತದೆ.

ಕಲೆ ಗುರುತೇ ಇಲ್ಲದಂತೆ ಮಾಯವಾಗುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ; ಅದು ತಗ್ಗುತ್ತದೆ, ಅಷ್ಟೆ. ನಮ್ಮ ಕಂದು ಚರ್ಮಕ್ಕೆ ಇನ್ನೊಂದು ತೊಡಕಿದೆ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಕೂಡ ಈ ಹಳದಿ ಬೆಳಕನ್ನು ಹೀರುತ್ತದೆ. ಅದು ಹೆಚ್ಚಿದ್ದಲ್ಲಿ ಹೊರಪದರವೇ ಮೊದಲು ಕಾದು, ಕಪ್ಪು ಅಥವಾ ಬಿಳಿ ಗುರುತು ಬೀಳಬಹುದು. ಆದ್ದರಿಂದ ಇಂಥವರಿಗೆ ಚಿಕಿತ್ಸೆ ನೀಡುವಾಗ ಬೆಳಕಿನ ಶಕ್ತಿಯನ್ನು ತಗ್ಗಿಸಿ, ಚರ್ಮದ ಮೇಲ್ಮೈಯನ್ನು ತಂಪಾಗಿಡುತ್ತಾರೆ.