ಡಬ್ಬದ ಮೇಲಿನ ವ್ಯಾಟು

1978ರಲ್ಲಿ ಎರಡು ಯಂತ್ರಗಳು ಮಾರುಕಟ್ಟೆಗೆ ಬಂದವು. ಒಂದು, ಜಪಾನಿನ ಪಯೋನೀರ್ ಕಂಪನಿಯ ಎಸ್‌ಎಕ್ಸ್-1980 ರಿಸೀವರ್. ಚಾನೆಲ್ಲಿಗೆ 270 ವ್ಯಾಟ್, ತೂಕ ಸುಮಾರು 35 ಕೆಜಿ. ಒಬ್ಬರೇ ಎತ್ತಿದರೆ ಸೊಂಟ ಹಿಡಿದುಕೊಳ್ಳುವುದು ಗ್ಯಾರಂಟಿ. ಇನ್ನೊಂದು, ಎನ್‌ಎಡಿ ಕಂಪನಿಯ 3020 ಆಂಪ್ಲಿಫೈಯರ್. ಚಾನೆಲ್ಲಿಗೆ ಬರೀ 20 ವ್ಯಾಟ್, ನೋಡೋಕೂ ಮಂಕು ಬಣ್ಣದ ಸಾದಾ ಡಬ್ಬ. ಮೊದಲನೆಯದು ಇವತ್ತು ಹಳೇ ಆಡಿಯೋ ಸಂಗ್ರಹಿಸುವವರ ಒಡವೆ. ಎರಡನೆಯದು ಲಕ್ಷಗಟ್ಟಲೆ ಮನೆ ಸೇರಿತು, ಆಡಿಯೋ ಹುಚ್ಚಿನವರು ಈಗಲೂ ಪ್ರೀತಿಯಿಂದ ಅದರ ಹೆಸರು ಹೇಳುತ್ತಾರೆ.

ಹದಿಮೂರು ಪಟ್ಟು ಪವರ್ ಇದ್ದದ್ದನ್ನು ಬಿಟ್ಟು ಜನ ಇದನ್ನು ಯಾಕೆ ಮನೆಗೆ ತಂದರು? ಬೆಲೆ ಕಡಿಮೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಕಿವಿ. ಪವರ್ ಎರಡು ಪಟ್ಟಾದರೆ ಶಬ್ದ ಏರೋದು ಬರೀ 3 ಡೆಸಿಬಲ್. ಕಿವಿಗೆ 'ಶಬ್ದ ಎರಡು ಪಟ್ಟಾಯ್ತು' ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತು ಪಟ್ಟು ಪವರ್. ಆ ಲೆಕ್ಕದಲ್ಲಿ 20 ವ್ಯಾಟಿಗೂ 270 ವ್ಯಾಟಿಗೂ ಇರುವ ಅಂತರ ಹನ್ನೊಂದು ಡೆಸಿಬಲ್ಲಿನ ಆಸುಪಾಸು. 35 ಕೆಜಿ ಹೊತ್ತು ತಂದರೆ ಸಿಗೋದು ಎರಡು ಪಟ್ಟಿಗಿಂತ ಚೂರು ಜಾಸ್ತಿ ಸದ್ದು, ಅಷ್ಟೇ. 3020 ರೂಪಿಸಿದ ಎರಿಕ್ ಎಡ್ವರ್ಡ್‌ಸನ್‌ಗೆ ಇನ್ನೊಂದು ವಿಷಯವೂ ಗೊತ್ತಿತ್ತು: ಸಂಗೀತ ಒಂದೇ ಸಮ ಇರಲ್ಲ, ತಬಲಾ ಪೆಟ್ಟು ಬಿದ್ದ ಕ್ಷಣಕ್ಕೆ ಮಾತ್ರ ಹೆಚ್ಚು ಪವರ್ ಬೇಕು. ಅಂಥ ಕ್ಷಣಗಳಲ್ಲಿ ಆ ಡಬ್ಬ 20ಕ್ಕಿಂತ ಬಹಳ ಹೆಚ್ಚು ಕೊಡುತ್ತಿತ್ತು. ಆದರೂ ಹೊರಗೆ ಬರೆದದ್ದು 20.

ಹೀಗೆ ಕಡಿಮೆ ಬರೆದು ಹೆಚ್ಚು ಕೊಡುವುದು ಆ ವ್ಯಾಪಾರದಲ್ಲಿ ಅಪರೂಪ. ಅದಕ್ಕೊಂದು ಹಿನ್ನೆಲೆ ಇದೆ.

1947ರಲ್ಲಿ ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಎಂಜಿನಿಯರ್ ಒಂದು ವಾಲ್ವ್ ಆಂಪ್ಲಿಫೈಯರ್‌ನ ಸರ್ಕ್ಯೂಟ್ ಪ್ರಕಟಿಸಿದರು. ಪವರ್ 15 ವ್ಯಾಟ್. ಅದರ ಹೆಗ್ಗಳಿಕೆ ವ್ಯಾಟಿನದ್ದಾಗಿರಲಿಲ್ಲ. ಡಿಸ್ಟಾರ್ಷನ್, ಅಂದರೆ ಮೂಲದಲ್ಲಿ ಇಲ್ಲದ ಸ್ವರವನ್ನು ಯಂತ್ರವೇ ಸೇರಿಸಿಬಿಡುವ ಪ್ರಮಾಣ, ಶೇ. 0.1ಕ್ಕಿಂತ ಕಡಿಮೆ ಇತ್ತು. ದೇಶದೇಶಗಳ ಹವ್ಯಾಸಿಗಳು ಅದನ್ನು ನೋಡಿಕೊಂಡು ಮನೆಯಲ್ಲೇ ಕಟ್ಟಿದರು. 1953ರ ಹೆಸರುವಾಸಿ ಕ್ವಾಡ್-2 ಕೂಡ 15 ವ್ಯಾಟಿಂದೇ. ಆಗ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ 'ಎಷ್ಟು ಶುದ್ಧ?' ಅಂತ.

ಐವತ್ತರ ದಶಕದ ಕೊನೆಗೆ ಸ್ಟೀರಿಯೋ ಬಂತು, ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು, ವ್ಯಾಟ್ ಅಗ್ಗವಾಯಿತು. ಜಾಹೀರಾತಿನವರಿಗೆ ಹಬ್ಬ. 'ಮ್ಯೂಸಿಕ್ ಪವರ್', 'ಪೀಕ್ ಪವರ್' ಅಂತ ಹೊಸ ಹೊಸ ಹೆಸರು ಹುಟ್ಟಿದವು. ಒಂದು ಕ್ಷಣಕ್ಕೆ ಸಿಕ್ಕಿದ್ದನ್ನು ಹಿಡಿದು, ಎರಡೂ ಚಾನೆಲ್ ಕೂಡಿಸಿ, ಬಂದದ್ದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದರು. ಪೆಟ್ಟು ಬಿದ್ದದ್ದು ಸತ್ಯ ಬರೆದವನಿಗೆ. ಪಕ್ಕದ ಡಬ್ಬದ ಮೇಲೆ 200 ಅಂತಿದ್ದರೆ ಇವನ 30 ಯಾರಿಗೆ ಬೇಕು?

ಕೊನೆಗೆ 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂತು. ಚಾನೆಲ್ಲಿಗೆ ನಿರಂತರವಾಗಿ ಎಷ್ಟು ವ್ಯಾಟ್, ಎಷ್ಟು ಓಮ್ ಲೋಡಿಗೆ, ಯಾವ ಫ್ರೀಕ್ವೆನ್ಸಿಯಿಂದ ಯಾವುದರ ತನಕ, ಎಷ್ಟು ಡಿಸ್ಟಾರ್ಷನ್: ಎಲ್ಲಾ ಹೇಳಲೇಬೇಕು. ಅಳೆಯೋಕೆ ಮುಂಚೆ ಆಂಪನ್ನು ಅದರ ಮೂರನೇ ಒಂದು ಭಾಗ ಪವರಿನಲ್ಲಿ ಒಂದು ಗಂಟೆ ಓಡಿಸಬೇಕಿತ್ತು. ಆ ಮಟ್ಟದಲ್ಲಿ ಆಂಪ್ ಚೆನ್ನಾಗಿ ಬಿಸಿಯಾಗುತ್ತೆ; ಬೊಗಳೆ ಬಿಡುವವರು ಅಲ್ಲೇ ಸಿಕ್ಕಿಬೀಳುತ್ತಿದ್ದರು. ಪಯೋನೀರಿನ 270 ಈ ನಿಯಮದ ನಂತರದ ಅಂಕಿ, ಹಾಗಾಗಿ ನಿಜವಾದದ್ದೇ. ಅದಕ್ಕೇ ಆ ತೂಕ.

ನಮ್ಮೂರಿನ ಕಥೆ ಬೇರೆ. ತೊಂಬತ್ತರ ದಶಕದಲ್ಲಿ ಟೂ-ಇನ್-ಒನ್ನೋ ಕಂಪ್ಯೂಟರ್ ಸ್ಪೀಕರೋ ತಂದವರಿಗೆಲ್ಲ ಪಿಎಂಪಿಒ ನೆನಪಿರುತ್ತೆ. ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್. ಅದನ್ನು ಅಳೆಯೋಕೆ ಎಲ್ಲರೂ ಒಪ್ಪಿದ ಒಂದು ವಿಧಾನವೇ ಇರಲಿಲ್ಲ. ಅಂಗೈಯಗಲದ ಸ್ಪೀಕರಿನ ಡಬ್ಬದ ಮೇಲೆ ನೂರಾರು ವ್ಯಾಟ್ ಇರೋದು. ಅದರ ಅಡಾಪ್ಟರ್ ತಿರುಗಿಸಿ ನೋಡಿದರೆ 9 ವೋಲ್ಟ್, 1 ಆಂಪಿಯರ್. ಗುಣಿಸಿದರೆ 9 ವ್ಯಾಟ್! ಗೋಡೆಯಿಂದ 9 ಒಳಗೆ ಹೋದರೆ ಆಚೆ ನೂರು ಹೇಗೆ ಬರುತ್ತೆ ಸ್ವಾಮಿ?

ಪಿಎಂಪಿಒ ಈಗ ಮೂಲೆ ಸೇರಿದೆ, ಚಾಳಿ ಹೋಗಿಲ್ಲ. ಹೋದ ವರ್ಷ ನನ್ನ ಹಳೇ ಆಂಪಿನ ಒಂದು ಚಾನೆಲ್ ಸತ್ತಾಗ ಬದಲಿ ಹುಡುಕಿಕೊಂಡು ಅಂಗಡಿಗೆ ಹೋಗಿದ್ದೆ. ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡು ಡಬ್ಬ ಮುಂದಿಟ್ಟರು. ಒಂದರ ಮೇಲೆ 1000 ವ್ಯಾಟ್, ಇನ್ನೊಂದರ ಮೇಲೆ ಚಾನೆಲ್ಲಿಗೆ 40. "ಇದೇ ದುಡ್ಡಿಗೆ ಸಾವಿರ ಬರುವಾಗ ನಲವತ್ತು ಯಾಕ್ ಸಾರ್?" ಅಂದ ಹುಡುಗ. ಅವನದ್ದೇನೂ ತಪ್ಪಿಲ್ಲ, ಡಬ್ಬದ ಮೇಲಿದ್ದದ್ದನ್ನೇ ಓದಿದ. ಸಾವಿರದ ಡಬ್ಬದಲ್ಲಿ ಸಣ್ಣಕ್ಷರ ಹುಡುಕಿದೆ: ಒಂದೊಂದೇ ಚಾನೆಲ್ ಓಡಿಸಿ, ಬರೀ 1 ಕಿಲೋಹರ್ಟ್ಸ್‌ನಲ್ಲಿ, ಶೇ. 10 ಡಿಸ್ಟಾರ್ಷನ್‌ಗೆ ಅಳೆದು, ಎಲ್ಲಾ ಕೂಡಿಸಿದ್ದು. ಹತ್ತಕ್ಕೆ ಒಂದು ಪಾಲು ಕಲಬೆರಕೆ ಸ್ವರ! ಹಿಂದುಗಡೆ ತಗಡಿನ ಮೇಲೆ ಅದು ಎಳೆಯುವ ವಿದ್ಯುತ್ 150 ವ್ಯಾಟ್ ಅಂತ ಬರೆದಿತ್ತು. ಕೆಪಾಸಿಟರ್‌ನಲ್ಲಿ ಕೂಡಿಟ್ಟದ್ದರಿಂದ ಒಂದು ಕ್ಷಣ ಹೆಚ್ಚು ಕೊಡಬಹುದು, ಸರಿ. ಒಂದೇ ಸಮನೆ ಸಾವಿರ ಕೊಡೋದು ಸಾಧ್ಯವೇ ಇಲ್ಲ.

ನಲವತ್ತು ಸಾಕಾ ಅನ್ನೋದಕ್ಕೆ ಉತ್ತರ ಆಂಪಿನಲ್ಲಿಲ್ಲ, ಸ್ಪೀಕರಿನ ಬೆನ್ನಿನ ಮೇಲಿದೆ. ನನ್ನದರಲ್ಲಿ 88 ಡೆಸಿಬಲ್, 8 ಓಮ್ ಅಂತಿದೆ. ಅಂದ್ರೆ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್. 2ಕ್ಕೆ 91, 4ಕ್ಕೆ 94, 8ಕ್ಕೆ 97, 16ಕ್ಕೆ 100, 32ಕ್ಕೆ 103. ಸೋಫಾದ ಹತ್ತಿರ ಬರುವಷ್ಟರಲ್ಲಿ ಒಂದಿಷ್ಟು ಇಳಿದರೂ ಕೆಳಗಡೆ ಮನೆಯವರು ಬಂದು ಬಾಗಿಲು ಬಡಿಯೋಕೆ ಧಾರಾಳ ಸಾಕು. ದಿನನಿತ್ಯ ಕೇಳುವಾಗ ಖರ್ಚಾಗುವುದು ಒಂದೆರಡು ವ್ಯಾಟ್ ಮಾತ್ರ. ನಿಮ್ಮ ಸ್ಪೀಕರ್ 83-84 ಡೆಸಿಬಲ್ಲಿಂದಾಗಿ, ಮೇಲಾಗಿ 4 ಓಮ್ ಆಗಿದ್ದರೆ, ಹಾಲ್ ದೊಡ್ಡದಿದ್ದರೆ, ಲೆಕ್ಕ ಬದಲಾಗುತ್ತೆ. ಆಗ ನಿಜವಾದ ನೂರು ವ್ಯಾಟಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿದೆ.

ನಾನು ನಲವತ್ತರದ್ದನ್ನೇ ತಂದೆ. 2024ರಲ್ಲಿ ಅಮೆರಿಕದವರು ಆ ಹಳೇ ನಿಯಮವನ್ನು ಮತ್ತೆ ಬಿಗಿ ಮಾಡಿದ್ದಾರೆ: 8 ಓಮ್, 20ರಿಂದ 20,000 ಹರ್ಟ್ಸ್, ಡಿಸ್ಟಾರ್ಷನ್ ಶೇ. 1ಕ್ಕಿಂತ ಕಡಿಮೆ. ಐವತ್ತು ವರ್ಷ ಆದಮೇಲೂ ಅದೇ ಜಗಳ ನಡೀತಿದೆ ಅಂದ್ರೆ ದೊಡ್ಡ ಅಂಕಿ ಈಗಲೂ ಡಬ್ಬ ಮಾರಿಸುತ್ತೆ ಅಂತಲೇ ಅರ್ಥ. ಆಂಪ್ ತರೋಕೆ ಹೊರಟಿದ್ದರೆ ಮೊದಲು ಸ್ಪೀಕರಿನ ಹಿಂದಿನ ಫೋಟೋ ತಗೊಂಡು ಹೋಗಿ. ಅಂಗಡಿಯಲ್ಲಿ ಎಷ್ಟು ವ್ಯಾಟ್ ಅಂತ ಕೇಳಬೇಡಿ. ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ಗೆ, ಎಷ್ಟು ಚಾನೆಲ್ ಒಟ್ಟಿಗೆ ಓಡಿಸಿದಾಗ ಅಂತ ಕೇಳಿ. ಉತ್ತರ ಸಿಗದಿದ್ದರೆ ಡಬ್ಬ ತಿರುಗಿಸಿ, ಅದು ಗೋಡೆಯಿಂದ ಎಷ್ಟು ಎಳೆಯುತ್ತೆ ಅಂತ ಓದಿಕೊಳ್ಳಿ.